ಪರರ ಮಾತನ್ನು ಒಪ್ಪಿಸುವ ವಿದ್ಯೆ



ಈ ಸ್ಮರಣ ಸಂಚಿಕೆಗಾಗಿ ನನ್ನಿಂದ ಒಂದು ಲೇಖನವನ್ನು ಬೇಡಿದವರು, ನಾನು ಸ್ತ್ರೀ ವಿದ್ಯಾಭ್ಯಾಸದ ಮಹತ್ವವನ್ನೋ ಶಿಸ್ತಿನ ಪ್ರಯೋಜನವನ್ನೋ ಕುರಿತು ಬರೆಯುವೆನೆಂದು ನೆನಸಿರಬಹುದು. ಆ ವಿಷಯಗಳನ್ನು ಇಂಥ ಸಂಚಿಕೆಗಳಲ್ಲಿ ನನಗಿಂತ ಬಲ್ಲವರು ಬರೆದಿರುವರು. ನಾನು ಆರಿಸಿಕೊಂಡ ವಿಷಯವು ನೋಡುವದಕ್ಕೆ ಬಹಳ ಸಣ್ಣದು. ಕೆಲಸದ ಸ್ಥಳದಲ್ಲಿ ಟೆಲಿಫೋನಿನ ಮೂಲಕ ಬೇರೊಬ್ಬರಿಗಾಗಿ ಬಂದ ಮಾತನ್ನು ಕೇಳಿ, ಬರೆದುಕೊಂಡು, ಅವರಿಗೆ ತಪ್ಪದೆ ಮುಟ್ಟಿಸುವದು ಹೇಗೆ ಎಂಬದೇ ಆ ವಿಷಯವು. ಇದನ್ನು ಯಾರಾದರೂ ಮಾಡಬಹುದಾದ ಕೆಲಸವೆಂದು ನಕ್ಕುಬಿಡುವವರು ಇರಬಹುದು. ಆದರೆ ಇದು ನಮ್ಮ ಹುಡುಗಿಯರಿಗೆ ಶಾಲೆಯಲ್ಲಿಯೇ ಕಲಿಸತಕ್ಕ ಒಂದು ವಿದ್ಯೆಯೆಂದೂ, ಇದನ್ನು ಕಲಿಸದೆ ಬಿಟ್ಟದ್ದು ನಮ್ಮಂಥ ಉಪಾಧ್ಯಾಯಿನಿಯರ ತಪ್ಪೆಂದೂ ನನ್ನ ಅಭಿಪ್ರಾಯವು. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಪುಸ್ತಕಗಳ ಓದಿನಿಂದಲ್ಲ, ನನ್ನದೇ ಒಂದು ತಪ್ಪಿನಿಂದ.

2004ನೆಯ ಇಸವಿಯ ಮಳೆಗಾಲ. ನಾನು ತರಬೇತಿಯನ್ನು ಮುಗಿಸಿ ಬೇರೊಂದು ಊರಿನ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆನು. ಬೋರ್ಡಿಂಗಿನ ಮೇಲ್ವಿಚಾರಣೆಯಲ್ಲಿಯೂ ನನಗೆ ಪಾಲಿತ್ತು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಆಫೀಸಿನ ಮೇಜಿನ ಮೇಲಿದ್ದ ಒಂದೇ ಟೆಲಿಫೋನಿಗೆ ಇಡೀ ಬೋರ್ಡಿಂಗಿನ ಸುಖದುಃಖಗಳು ಬರುತ್ತಿದ್ದವು. ಒಂದು ಮಧ್ಯಾಹ್ನ ಗುಮಾಸ್ತರು ಊಟಕ್ಕೆ ಹೋಗಿದ್ದಾಗ ಅದರ ಗಂಟೆ ಬಾರಿಸಿತು. ಎತ್ತಿದವಳು ನಾನು. ಮಳೆಯ ಸದ್ದಿನ ನಡುವೆ ಒಬ್ಬ ಗಂಡಸು, ತಾನು ಎಸ್.ಟಿ.ಡಿ. ಬೂತಿನಿಂದ ಮಾತಾಡುತ್ತಿರುವದಾಗಿ ಹೇಳಿ, ಒಬ್ಬ ಹುಡುಗಿಯ ಹೆಸರನ್ನೆತ್ತಿ, “ನಾನು ಅವಳ ಮಾವ. ಅವಳ ಅಪ್ಪನಿಗೆ ಬಹಳ ಜೋರಾಗಿದೆ. ಸಂಜೆಯ ಬಸ್ಸಿಗೇ ಕಳುಹಿಸಿಕೊಡಿರಮ್ಮಾ” ಎಂದನು. ನಾನು “ಆಗಲಿ, ಆಗಲಿ” ಎಂದು ಇಟ್ಟುಬಿಟ್ಟೆನು. ಹಾಜರಿ ಪುಸ್ತಕದ ಮೂಲೆಯಲ್ಲಿ ಹುಡುಗಿಯ ಹೆಸರನ್ನೂ ‘ತಂದೆಗೆ ಅಸ್ವಸ್ಥ’ ಎಂಬ ಎರಡು ಮಾತುಗಳನ್ನೂ ಗೀಚಿಕೊಂಡೆನು.

ಬೋರ್ಡಿಂಗಿನಲ್ಲಿ ಆ ಹೆಸರಿನ ಹುಡುಗಿಯರು ಇಬ್ಬರಿದ್ದರು. ಒಬ್ಬಳು ಎಂಟನೆಯ ತರಗತಿಯವಳು, ಮತ್ತೊಬ್ಬಳು ಹತ್ತನೆಯ ತರಗತಿಯವಳು. ಹತ್ತನೆಯ ತರಗತಿಯವಳ ತಂದೆಗೆ ಹಿಂದಿನ ವರ್ಷ ಕಾಯಿಲೆಯಾಗಿದ್ದದ್ದು ನನಗೆ ತಿಳಿದಿತ್ತು. ಆದದರಿಂದ ಇವಳೇ ಇರಬೇಕೆಂದು ನಿಶ್ಚಯಿಸಿ, ಮೇಟ್ರನಮ್ಮನವರ ಸಂಗಡ ಅವಳನ್ನು ಬಸ್ಸಿಗೆ ಹತ್ತಿಸಿದೆನು. ಅವಳು ದಾರಿಯುದ್ದಕ್ಕೂ ಅತ್ತುಕೊಂಡು ಹೋಗಿ ರಾತ್ರಿ ಮನೆಯನ್ನು ಮುಟ್ಟಿದಾಗ, ಅವಳ ತಂದೆಯು ಜಗಲಿಯ ಮೇಲೆ ಸುಖವಾಗಿ ಕುಳಿತಿದ್ದನು. ಮಾರನೆಯ ಬೆಳಿಗ್ಗೆ ಅವನು ಟೆಲಿಫೋನು ಮಾಡಿದ ಮೇಲೆಯೇ ನಮಗೆ ತಪ್ಪು ತಿಳಿದದ್ದು. ಕೂಡಲೆ ಚಿಕ್ಕವಳನ್ನು ಕಳುಹಿಸಿದೆವು. ಅವಳು ಮಧ್ಯಾಹ್ನ ಊರನ್ನು ಸೇರಿದಳು. ಅವಳ ತಂದೆಯ ಪ್ರಾಣವು ಬೆಳಗಿನ ಜಾವದಲ್ಲಿಯೇ ಹೋಗಿತ್ತು.

ಎರಡು ವಾರಗಳ ಮೇಲೆ ಅವಳು ತಿರುಗಿ ಬಂದು, ನನ್ನನ್ನು ಒಂದೇ ಮಾತು ಕೇಳಿದಳು: “ಟೀಚರ್, ಯಾವ ಊರೆಂದು ಮಾವ ಹೇಳಲಿಲ್ಲವೇ?” ನಾನು, “ನಾನು ಕೇಳಲಿಲ್ಲ ಮಗು” ಎಂದೆನು. ಬೇರೆ ಉತ್ತರವಿರಲಿಲ್ಲ.

ನನ್ನಲ್ಲಿ ದಯೆಯು ಕಡಿಮೆಯಿದ್ದದರಿಂದ ಇದು ಆಗಲಿಲ್ಲ. ಹುಡುಗಿಯನ್ನು ಬೇಗ ಕಳುಹಿಸಬೇಕೆಂಬ ಆತುರವು ಬೇಕಾದಷ್ಟಿತ್ತು. ನಾನು ಮಾಡಿದ ತಪ್ಪುಗಳು ಮೂರು. ಕೇಳಬೇಕಾದದ್ದನ್ನು ಕೇಳಲಿಲ್ಲ. ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ ಸರಿಯೋ ಎಂದು ನೋಡಲಿಲ್ಲ. ಮೂರನೆಯದಾಗಿ, ತಿಳಿಯದೆ ಉಳಿದದ್ದನ್ನು ನನ್ನ ಊಹೆಯಿಂದ ತುಂಬಿಕೊಂಡೆನು. ಇವುಗಳಲ್ಲಿ ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಪರರ ಮಾತನ್ನು ಒಪ್ಪಿಸುವವಳು ಅದಕ್ಕೆ ತನ್ನದನ್ನು ಕೂಡಿಸಬಾರದು, ಅದರಿಂದ ಏನನ್ನೂ ಕಳೆಯಲೂ ಬಾರದು. ನಾನು ಹೇಳಬೇಕಾದದ್ದರ ಸಾರವೆಲ್ಲ ಇಷ್ಟೇ. ಉಳಿದದ್ದು ಇದನ್ನು ಸಾಧಿಸುವ ಕ್ರಮವು.

ತಿರುಗಿ ಹೇಳುವ ಪದ್ಧತಿಯು ಟೆಲಿಫೋನಿನಷ್ಟೇ ಹಳೆಯದು. 1876ನೆಯ ಇಸವಿಯ ಮಾರ್ಚ್ 10ರಂದು ಅಮೇರಿಕದ ಬಾಸ್ಟನ್ ನಗರದಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ತಮ್ಮ ಸಹಾಯಕರಾದ ವಾಟ್ಸನರನ್ನು ತಂತಿಯ ಮೂಲಕ ಬಳಿಗೆ ಕರೆದರು. ವಾಟ್ಸನರು ಮತ್ತೊಂದು ಕೋಣೆಯಿಂದ ಬಂದು, ಮಾತು ಕೇಳಿಸಿತೆಂದು ಹೇಳಿದಾಗ, ಬೆಲ್ಲರು ಅಷ್ಟಕ್ಕೇ ಹಿಗ್ಗಲಿಲ್ಲ. ಕೇಳಿದ ಮಾತುಗಳನ್ನು ಹಾಗೆಯೇ ತಿರುಗಿ ಹೇಳಬೇಕೆಂದರು. ಈ ಸಂಗತಿಯನ್ನು ಅವರೇ ತಮ್ಮ ಪ್ರಯೋಗಗಳ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿರುವರು. ಇಷ್ಟಾದರೂ ಆ ಚಿಕ್ಕ ವಾಕ್ಯವು ಬೆಲ್ಲರು ಬರೆದಂತೆ ಒಂದು ಬಗೆಯಾಗಿಯೂ, ವಾಟ್ಸನರು ಹೇಳಿದಂತೆ ತುಸು ಬೇರೆಯಾಗಿಯೂ ನಮಗೆ ಬಂದಿದೆ. ಮೊಟ್ಟಮೊದಲನೆಯ ಟೆಲಿಫೋನು ಮಾತಿನ ಗತಿಯೇ ಹೀಗಾದ ಮೇಲೆ, ನೆನಪನ್ನು ನಂಬಿ ಕೂರುವದು ನಮಗೆ ತಕ್ಕದ್ದಲ್ಲ.

ಎದುರಿಗಿರುವವರ ಮಾತಿಗಿಂತ ಟೆಲಿಫೋನಿನ ಮಾತು ಹೆಚ್ಚಾಗಿ ತಪ್ಪುವದಕ್ಕೆ ಕಾರಣವುಂಟು. ಮುಖವು ಕಾಣುವದಿಲ್ಲ, ತುಟಿಯ ಚಲನೆಯು ಕಾಣುವದಿಲ್ಲ. ಅದಲ್ಲದೆ ಹಳೆಯ ಟೆಲಿಫೋನು ವ್ಯವಸ್ಥೆಯು ಸೆಕೆಂಡಿಗೆ ಸುಮಾರು 300ರಿಂದ 3400ರ ವರೆಗಿನ ಕಂಪನಗಳನ್ನು ಮಾತ್ರ ಸಾಗಿಸುವಂತೆ ಏರ್ಪಟ್ಟಿತ್ತು. ಸ, ಫ ಮುಂತಾದ ಅಕ್ಷರಗಳ ಧ್ವನಿಯಲ್ಲಿ ಬಹುಭಾಗವು ಈ ಮಿತಿಗೆ ಮೇಲಿನದು; ಆದಕಾರಣ ಅವುಗಳನ್ನು ಒಂದರಿಂದೊಂದು ಬೇರ್ಪಡಿಸುವದು ಕಷ್ಟ. ಈಚಿನ ಮೊಬೈಲುಗಳಲ್ಲಿ ಧ್ವನಿಯು ಇನ್ನೂ ತುಂಬಾಗಿ ಬರುವದುಂಟು, ಆದರೆ ಬಸ್ಸು ನಿಲ್ದಾಣದ ಗದ್ದಲವೂ ಅದರ ಸಂಗಡವೇ ಬರುವದು. ನಮ್ಮ ಕನ್ನಡದ ಎಣಿಕೆಯಲ್ಲಿಯೂ ತೊಡಕುಗಳಿವೆ. ಇಪ್ಪತ್ತು ಎಪ್ಪತ್ತಾಗಿ ಕೇಳಿಸುವದು, ಹದಿಮೂರು ಹದಿನಾರಾಗುವದು. ವಿಮಲೆಯು ಕಮಲೆಯಾಗುವಳು, ಹೇಮಳು ಪ್ರೇಮಳಾಗುವಳು. ಹೀಗಿರುವದರಿಂದ ಹತ್ತು ಅಂಕಿಗಳ ಫೋನು ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಬರೆದುಕೊಂಡು, ಒಂದೊಂದೇ ಅಂಕಿಯಾಗಿ ತಿರುಗಿ ಓದಬೇಕು. ಹೆಸರಿನಲ್ಲಿ ಸಂಶಯವಿದ್ದರೆ ಅಕ್ಷರವನ್ನು ಬಿಡಿಸಿ ಕೇಳಬೇಕು. ಹಾಗೆ ಕೇಳುವದು ಅವಮರ್ಯಾದೆಯೆಂದು ನಮ್ಮ ಹುಡುಗಿಯರು ಸಂಕೋಚಪಡುವರು. “ಕ್ಷಮಿಸಿರಿ, ತಪ್ಪಾಗಬಾರದೆಂದು ಇನ್ನೊಮ್ಮೆ ಕೇಳುತ್ತೇನೆ” ಎಂದರೆ ಮುನಿಯುವವರನ್ನು ನಾನು ಇದುವರೆಗೆ ಕಾಣಲಿಲ್ಲ.

ಇನ್ನು ಬರೆದಿಡುವ ಚೀಟಿಯ ವಿಷಯ. “ಯಾರೋ ಬ್ಯಾಂಕಿನವರು ಫೋನು ಮಾಡಿದ್ದರು. ಅರ್ಜೆಂಟಂತೆ. ನಾಳೆ ಬರಬೇಕಂತೆ.” ಇಂಥ ಚೀಟಿಗಳನ್ನು ನೀವೆಲ್ಲರೂ ಕಂಡಿರುವಿರಿ. ಇದನ್ನು ಮಾರನೆಯ ದಿನ ಓದುವವಳಿಗೆ ‘ನಾಳೆ’ ಎಂಬದು ಯಾವ ದಿನ? ಯಾರು ಬರಬೇಕು, ಎಲ್ಲಿಗೆ, ಯಾತಕ್ಕೆ? ನಮ್ಮ ಭಾಷೆಯಲ್ಲಿ ‘ಅಂತೆ’ ಎಂಬ ಮಾತು ಬಹಳ ಅನುಕೂಲವಾದದ್ದು. ಹೇಳಿದವರ ಹೆಸರನ್ನು ಮರೆಮಾಡಿ, ಕೇಳಿದವಳ ಹೊಣೆಯನ್ನು ಕಳೆದುಬಿಡುವದು. ಬಾವಿಕಟ್ಟೆಯ ಸುದ್ದಿಗೆ ಅದು ಸಾಕು, ಆಫೀಸಿನ ಚೀಟಿಗೆ ಸಲ್ಲದು. ಅದೇ ಸಂಗತಿಯನ್ನು ಹೀಗೆ ಬರೆಯಬಹುದು: “ಜೂನ್ 18, ಬುಧವಾರ, ಬೆಳಿಗ್ಗೆ 10-20. ಮುಖ್ಯೋಪಾಧ್ಯಾಯಿನಿಯವರಿಗೆ, ಬ್ಯಾಂಕಿನ ಶಾಖಾ ವ್ಯವಸ್ಥಾಪಕರಿಂದ. ವಿದ್ಯಾರ್ಥಿವೇತನದ ಪಟ್ಟಿಯ ಎರಡನೆಯ ಹಾಳೆಯಲ್ಲಿ ತಮ್ಮ ಸಹಿ ಇಲ್ಲ. ಜೂನ್ 20, ಶುಕ್ರವಾರ ಮಧ್ಯಾಹ್ನ 2 ಗಂಟೆಯೊಳಗೆ ತಾವು ಬ್ಯಾಂಕಿಗೆ ಬಂದು ಸಹಿ ಹಾಕಬೇಕು. ತಿರುಗಿ ಫೋನು ಮಾಡುವ ಅಗತ್ಯವಿಲ್ಲ.” ಇದರ ಕೆಳಗೆ ಕರೆದವರ ಸಂಖ್ಯೆ, ಬರೆದುಕೊಂಡವಳ ಹೆಸರು. ಬರೆಯುವದಕ್ಕೆ ಎರಡು ನಿಮಿಷವೂ ಹಿಡಿಯುವದಿಲ್ಲ. ಆ ಮಾತನ್ನು ಕೇಳದೆ ಇದ್ದ ಮೂರನೆಯವಳೊಬ್ಬಳು ಈ ಚೀಟಿಯನ್ನು ಮಾತ್ರ ನೋಡಿ ಕೆಲಸವನ್ನು ಮುಗಿಸಬಲ್ಲಳೋ ಇಲ್ಲವೋ ಎಂಬದೇ ಇದರ ಪರೀಕ್ಷೆಯು.

ಚೀಟಿಯನ್ನು ಬರೆದ ಮಾತ್ರಕ್ಕೆ ಕೆಲಸವು ತೀರಲಿಲ್ಲ. ಪುಸ್ತಕಗಳ ರಾಶಿಯ ಕೆಳಗಿಟ್ಟ ಚೀಟಿಯು ಬರೆಯದೆ ಇದ್ದ ಚೀಟಿಗೆ ಸಮಾನ. ಅವಸರದ ಮಾತಾಗಿದ್ದರೆ ಕೈಯಲ್ಲಿಯೇ ಕೊಟ್ಟು ಬರಬೇಕು. ಅವರು ಸ್ಥಳದಲ್ಲಿಲ್ಲದಿದ್ದರೆ ಅವರ ಬದಲಿಗೆ ಯಾರಿಗೆ ಕೊಡಬೇಕೆಂದು ವಿಚಾರಿಸಬೇಕು. ಹಾಗೆಯೇ, ಹೇಳಬಾರದ್ದನ್ನು ಹೇಳದೆ ಇರುವದೂ ಈ ವಿದ್ಯೆಯ ಭಾಗವೇ. “ಅವರು ಇನ್ನೂ ಬಂದೇ ಇಲ್ಲ”, “ಗಂಡನ ಸಂಗಡ ಆಸ್ಪತ್ರೆಗೆ ಹೋಗಿದ್ದಾರೆ” ಎಂದು ಅಪರಿಚಿತರಿಗೆ ಒಪ್ಪಿಸುವ ಕಾರಣವಿಲ್ಲ. “ಅವರು ಈಗ ಸ್ಥಳದಲ್ಲಿಲ್ಲ, ಸುದ್ದಿಯನ್ನು ಬರೆದುಕೊಳ್ಳಲೇ?” ಎಂದರೆ ಸಾಕು. ಹುಡುಗಿಯರ ಶಾಲೆಯಲ್ಲಂತೂ ಯಾರದೇ ಮನೆಯ ವಿಳಾಸವನ್ನಾಗಲಿ ಸಂಖ್ಯೆಯನ್ನಾಗಲಿ ಫೋನಿನಲ್ಲಿ ಕೇಳಿದವರಿಗೆ ಕೊಡಕೂಡದು.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ನಾನು ಕೇಳಿರುವೆನು. ಒಂದು, ಈಗ ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲು ಇರುವಾಗ ಪರರ ಮಾತನ್ನು ಬರೆದುಕೊಳ್ಳುವ ಪ್ರಸಂಗವೇ ಇಲ್ಲವೆಂಬದು. ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಕೇಳಿ ನೋಡಿರಿ. ವೈದ್ಯರು ಫೋನಿನಲ್ಲಿ ಔಷಧವನ್ನು ಹೇಳಿದರೆ, ನರ್ಸು ಅದನ್ನು ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿ, ಸರಿಯೆಂಬ ಉತ್ತರವನ್ನು ಪಡೆಯಬೇಕೆಂಬ ನಿಯಮವು ಅನೇಕ ಆಸ್ಪತ್ರೆಗಳಲ್ಲಿ ಉಂಟು. ನಮ್ಮ ರೈಲ್ವೆಯಲ್ಲಿಯೂ ಹೀಗೆಯೇ. ಸಿಗ್ನಲಿಗೆ ಜೋಡಿಸದ ಗೇಟುಗಳಲ್ಲಿ, ಬಂಡಿ ಬರುವದೆಂದು ಸ್ಟೇಶನ್ ಮಾಸ್ತರರು ಫೋನಿನಲ್ಲಿ ಹೇಳಿದಾಗ, ಗೇಟನ್ನು ಮುಚ್ಚಿದ್ದಕ್ಕೆ ಗುರುತಾಗಿ ಗೇಟಿನವನು ತನ್ನ ಪಟ್ಟಿಯಲ್ಲಿರುವ ‘ಪ್ರೈವೇಟ್ ನಂಬರ್’ ಎಂಬ ಸಂಖ್ಯೆಯನ್ನು ಹೇಳಬೇಕು. ಅದನ್ನು ಪುಸ್ತಕದಲ್ಲಿ ಬರೆದಿಡುವರು. ಬರಿಯ “ಆಗಲಿ, ಆಗಲಿ” ಎಂಬ ಮಾತನ್ನು ಅಲ್ಲಿ ಯಾರೂ ನಂಬುವದಿಲ್ಲ. ಪ್ರಾಣದ ಭಯವಿರುವಲ್ಲಿ ಇಷ್ಟು ಎಚ್ಚರಿಕೆಯನ್ನು ಇಟ್ಟುಕೊಂಡ ಮನುಷ್ಯರು, ಉಳಿದ ಕಡೆಗಳಲ್ಲಿ ಯಾಕೆ ಅಸಡ್ಡೆ ಮಾಡಬೇಕು? ಯಾವ ಮಾತಿನಲ್ಲಿ ಪ್ರಾಣವಿದೆಯೆಂಬದು ಕೇಳುವಾಗ ನಮಗೆ ತಿಳಿಯುವದಿಲ್ಲವಲ್ಲ.

ಎರಡನೆಯ ಆಕ್ಷೇಪಣೆಯು ತಾಯಿತಂದೆಗಳದು. “ನಮ್ಮ ಮಗಳು ದೊಡ್ಡ ಪದವಿಗೆ ಹೋಗಬೇಕಾದವಳು, ಫೋನು ಎತ್ತುವ ಕೆಲಸವನ್ನು ಕಲಿತು ಏನು ಮಾಡಬೇಕು?” ಎಂದು ಒಬ್ಬ ತಂದೆಯವರು ನನ್ನೊಡನೆ ಹೇಳಿದರು. 1878ನೆಯ ಇಸವಿಯಲ್ಲಿ ಬಾಸ್ಟನ್ನಿನ ಟೆಲಿಫೋನು ಕಚೇರಿಯಲ್ಲಿ ಎಮ್ಮಾ ನಟ್ ಎಂಬಾಕೆಯನ್ನು ಮೊದಲನೆಯ ಮಹಿಳಾ ಆಪರೇಟರಳಾಗಿ ನೇಮಿಸಿದರು. ಅದಕ್ಕೆ ಮುಂಚೆ ಆ ಕೆಲಸದಲ್ಲಿದ್ದ ಹುಡುಗರು ಕರೆದವರ ಸಂಗಡ ಒರಟಾಗಿ ನಡೆದುಕೊಳ್ಳುತ್ತಿದ್ದರೆಂದು ದೂರುಗಳಿದ್ದವು. ಸೌಮ್ಯವಾದ ಸ್ವರ, ತಾಳ್ಮೆ, ಸ್ಪಷ್ಟವಾದ ಮಾತು ಇವುಗಳ ಬಲದಿಂದ ಅಸಂಖ್ಯ ಹೆಂಗಸರು ಅದೇ ಬಾಗಿಲಿನಿಂದ ಕಚೇರಿಗಳನ್ನು ಪ್ರವೇಶಿಸಿದರು. ಇದನ್ನು ಕೀಳೆಂದು ಯಾರು ಹೇಳಬಲ್ಲರು? ಅಲ್ಲದೆ, ನಿಮ್ಮ ಮಗಳು ವೈದ್ಯೆಯಾದರೂ ನ್ಯಾಯವಾದಿಯಾದರೂ, ಇನ್ನೊಬ್ಬರ ಮಾತನ್ನು ಇದ್ದಂತೆಯೇ ಕೇಳಿಕೊಳ್ಳಲಾರದಿದ್ದರೆ ಆ ಪದವಿಯಿಂದ ರೋಗಿಗಾಗಲಿ ಕಕ್ಷಿಗಾರನಿಗಾಗಲಿ ಆಗುವ ಉಪಕಾರವೇನು?

ನಮ್ಮ ಪರೀಕ್ಷೆಗಳಲ್ಲಿ ಹುಡುಗಿಯರು ಮಳೆಗಾಲದ ಒಂದು ದಿನವನ್ನು ಕುರಿತು ಎರಡು ಪುಟಗಳ ಪ್ರಬಂಧವನ್ನು ಚೆನ್ನಾಗಿ ಬರೆಯುವರು. ಆದರೆ ಐದು ಸಾಲಿನ ಸುದ್ದಿಯನ್ನು ಕೇಳಿ, ಕೂಡಿಸದೆ ಕಳೆಯದೆ ಬರೆಯೆಂದರೆ ತಡವರಿಸುವರು. ಆದದರಿಂದ ಬರುವ ವರ್ಷದಿಂದ ಒಂಬತ್ತನೆಯ ತರಗತಿಯ ಪ್ರಬಂಧದ ಅವಧಿಯಲ್ಲಿ ತಿಂಗಳಿಗೊಂದು ಸಲ ಈ ಅಭ್ಯಾಸವನ್ನು ಮಾಡಿಸಬೇಕೆಂದಿರುವೆನು. ಒಬ್ಬಳು ಆಫೀಸಿನಿಂದ ಫೋನಿನಲ್ಲಿ ಸುದ್ದಿಯನ್ನು ಹೇಳುವಳು. ಇನ್ನೊಬ್ಬಳು ಬೇರೆ ಕೋಣೆಯಲ್ಲಿ ಬರೆದುಕೊಳ್ಳುವಳು. ಮೂರನೆಯವಳು ಚೀಟಿಯನ್ನು ಮಾತ್ರ ನೋಡಿ ಅದರಂತೆ ಮಾಡಬೇಕು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಆಸ್ಪತ್ರೆ, ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ಇರುವವರು ವರ್ಷಕ್ಕೊಂದು ದಿನ ಬಂದು, ನಿಮ್ಮ ಕೆಲಸದಲ್ಲಿ ಬರುವಂಥ ಸುದ್ದಿಗಳನ್ನು ಈ ಮಕ್ಕಳಿಗೆ ಕೊಟ್ಟು ಅಭ್ಯಾಸ ಮಾಡಿಸಬೇಕೆಂದು ಬೇಡುವೆನು. ತಾಯಿತಂದೆಗಳೇ, ಮನೆಗೆ ಫೋನು ಬಂದಾಗ ಮಗಳಿಂದ ಎತ್ತಿಸಿರಿ. “ಯಾರೋ ಫೋನು ಮಾಡಿದ್ದರು” ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿರಿ.

ನನ್ನ ಮೇಜಿನ ಮೇಲಿರುವ ಟೆಲಿಫೋನಿನ ಪಕ್ಕದಲ್ಲಿ ದಾರದಿಂದ ಕಟ್ಟಿದ ಒಂದು ಪೆನ್ಸಿಲೂ ಒಂದು ಪುಸ್ತಕವೂ ಯಾವಾಗಲೂ ಇರುವವು. ಅದನ್ನು ಕಂಡು ನಕ್ಕ ವಿದ್ಯಾರ್ಥಿನಿಯರು ಕೆಲವರುಂಟು. ಅದರ ಕಾರಣವು ಅವರಿಗೆ ಈಗ ತಿಳಿಯುವದು. ಆ ಪುಸ್ತಕದ ಪ್ರತಿಯೊಂದು ಹಾಳೆಯಲ್ಲಿಯೂ ನಾನೇ ಗೆರೆ ಎಳೆದು ಮೊದಲು ಬರೆದಿಡುವ ಪ್ರಶ್ನೆಯು, “ಯಾವ ಊರು?” ಎಂಬದು.