ಇಲವಾಲಕ್ಕೆ ಬಾರದ ಮಾನಸಗಂಗೋತ್ರಿ

ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಅರವತ್ತು ವರ್ಷ ತುಂಬಿದೆ. 1965ರಲ್ಲಿ ಮೈಸೂರಿನಲ್ಲಿ ಶುರುವಾದ, ಮಾನಸಗಂಗೋತ್ರಿಯಲ್ಲಿ ಬೆಳೆದ ಈ ಕೇಂದ್ರ ಸರ್ಕಾರಿ ಸಂಸ್ಥೆಯನ್ನು ಊರಿನವರು ‘ಆಯಿಷ್’ ಎಂದೇ ಕರೆಯುತ್ತಾರೆ. ಆಟಿಸಂ ಇರುವ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಘಟಕವಿದೆ. ಬಾಯಿಮಾತು ಬಾರದವರಿಗೆ ಚಿತ್ರ, ಸನ್ನೆ, ಸಾಧನಗಳ ಮೂಲಕ ಮನಸ್ಸಿನಲ್ಲಿರುವುದನ್ನು ತಿಳಿಸಲು ಕಲಿಸುವ ಘಟಕವೂ ಇದೆ. ದೂರದ ರಾಜ್ಯಗಳ ತಾಯಂದಿರು ಮಕ್ಕಳನ್ನು ಕರೆತಂದು, ಸುತ್ತಮುತ್ತ ಬಾಡಿಗೆ ಮನೆ ಹಿಡಿದು ತಿಂಗಳುಗಟ್ಟಲೆ ಇರುತ್ತಾರೆ. ಅಲ್ಲಿಂದ ಹುಣಸೂರು ರಸ್ತೆಯಲ್ಲಿ ಹತ್ತು–ಹನ್ನೆರಡು ಕಿಲೋಮೀಟರು ಹೋದರೆ ಇಲವಾಲ. ಲೆಕ್ಕದ ಪ್ರಕಾರ ನೋಡಿದರೆ, ಇಲವಾಲ ಹೋಬಳಿಯಲ್ಲಿ ಹುಟ್ಟಿದ ಆಟಿಸಂ ಮಗುವಿನಷ್ಟು ಅದೃಷ್ಟವಂತ ಮಗು ದೇಶದಲ್ಲೇ ಇರಬಾರದು.

ಲೆಕ್ಕ ತಪ್ಪುವುದು ಬಸ್ಸಿನಲ್ಲಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ತಾಯಿಗೆ ಟಿಕೆಟ್ಟಿನ ಖರ್ಚಿಲ್ಲ. ಖರ್ಚಾಗುವುದು ದಿನ. ಮುಕ್ಕಾಲು ಗಂಟೆಯ ಥೆರಪಿಗೆ ಬೆಳಗಿನಿಂದ ಮಧ್ಯಾಹ್ನದವರೆಗಿನ ಹೊತ್ತು ಹೋಗುತ್ತದೆ, ಅಂದಿನ ಕೂಲಿಯೂ ಹೋಗುತ್ತದೆ. ವಾರದಲ್ಲಿ ಎರಡು ಮೂರು ಸಲ ಹೀಗೆ ಓಡಾಡುವ ಮನೆ ಕೆಲವು ತಿಂಗಳಲ್ಲಿ ಸೋತುಬಿಡುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಥೆರಪಿ ಕೋಣೆಯಲ್ಲಿ ಒಬ್ಬರೊಡನೆ ಕೂತು ಕಲಿತದ್ದನ್ನು ಮಗು ಬಳಸಬೇಕಾದದ್ದು ತನ್ನ ಊರಿನ ಅಂಗನವಾಡಿಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ. ಅಲ್ಲಿ ಅದನ್ನು ಗುರುತಿಸುವ ಕಣ್ಣಿಲ್ಲದಿದ್ದರೆ ಆಯಿಷ್‌ನಲ್ಲಿ ಕಲಿತದ್ದು ಅಲ್ಲೇ ಉಳಿಯುತ್ತದೆ.

ಮಾತು ತಡವಾದ ಮಗುವಿನ ಮನೆಗೆ ಮೊದಲು ಬರುವವರು ಡಾಕ್ಟರಲ್ಲ, ಸಲಹೆಗಾರರು. ‘ಗಂಡುಮಕ್ಕಳಿಗೆ ಮಾತು ತಡವೇ.’ ‘ಅವರಪ್ಪನಿಗೂ ಐದು ವರ್ಷಕ್ಕೆ ಬಂದದ್ದು.’ ‘ನಾಲಿಗೆಗೆ ಬಜೆ ತೇದು ಹಚ್ಚಿ.’ ಈಚೆಗೆ ಸೇರಿಕೊಂಡ ಮಾತು, ‘ಮೊಬೈಲ್ ಕೊಟ್ಟು ಕೆಡಿಸಿಬಿಟ್ಟಿದ್ದೀರಿ.’ ಈ ಕೊನೆಯದು ನೇರವಾಗಿ ತಾಯಿಯ ತಲೆಗೆ ಬೀಳುತ್ತದೆ. ಅಮೆರಿಕದ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವಿವರ ಬರೆದು ಆಟಿಸಂ ಅನ್ನು ವೈದ್ಯಕೀಯದ ಮುಂದಿಟ್ಟ ಮೇಲೆ ಎರಡು ದಶಕ ಕಾಲ ಪಶ್ಚಿಮದ ಪಂಡಿತರೂ ತಾಯಿಯನ್ನೇ ದೂರಿದರು. ಆಕೆಯ ಪ್ರೀತಿ ತಣ್ಣಗಾಗಿದ್ದರಿಂದ ಮಗು ಹೀಗಾಯಿತು ಎಂದರು. ಆ ವಾದ ಎಂದೋ ಬಿದ್ದುಹೋಗಿದೆ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಭಿನ್ನತೆ ಇದು, ವಂಶವಾಹಿಗಳ ಪಾತ್ರ ಇದರಲ್ಲಿ ದೊಡ್ಡದು ಎಂಬುದು ಈಗ ಸ್ಥಿರಪಟ್ಟ ಸಂಗತಿ. ಹೆಚ್ಚು ಹೊತ್ತು ಮೊಬೈಲ್ ನೋಡುವುದು ಯಾವ ಮಗುವಿಗೂ ಒಳ್ಳೆಯದಲ್ಲ, ಆದರೆ ಅದರಿಂದ ಆಟಿಸಂ ಬರುತ್ತದೆ ಎಂಬುದು ಹಳೆಯ ದೂರಿನ ಹೊಸ ಅವತಾರವಷ್ಟೆ.

ಹೆಣ್ಣುಮಕ್ಕಳ ಕಥೆ ಇನ್ನೊಂದು ಬಗೆ. ಗುರುತಿಸಲ್ಪಟ್ಟವರಲ್ಲಿ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಇದರಲ್ಲಿ ಒಂದಷ್ಟು ಪಾಲು ಕಾಣದೇ ಹೋದ ಹುಡುಗಿಯರದ್ದು. ಯಾರ ಜೊತೆಗೂ ಸೇರದೆ ಮೂಲೆಯಲ್ಲಿ ಕೂರುವ ಹುಡುಗಿಗೆ ನಮ್ಮಲ್ಲಿ ಸಿಗುವುದು ತಪಾಸಣೆಯಲ್ಲ, ‘ಎಷ್ಟು ಒಳ್ಳೆ ಮಗು, ಸದ್ದೇ ಇಲ್ಲ’ ಎಂಬ ಸರ್ಟಿಫಿಕೇಟು.

ಎಷ್ಟು ಮಕ್ಕಳು? ಕಾಂಗ್ರಾ, ಪಲ್ವಲ್, ಢೇಂಕಾನಾಲ್, ಹೈದರಾಬಾದ್, ಗೋವಾಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಎರಡರಿಂದ ಒಂಬತ್ತು ವರ್ಷದ ಎಂಟು ಮಕ್ಕಳಲ್ಲಿ ಒಂದಕ್ಕೆ ಯಾವುದಾದರೂ ಒಂದು ನರವಿಕಾಸದ ತೊಂದರೆ ಇದೆ ಎಂದು ಅಂದಾಜಿಸಿತು. ಆಟಿಸಂ ಒಂದನ್ನೇ ತೆಗೆದುಕೊಂಡರೆ ನೂರಕ್ಕೆ ಒಂದರ ಆಸುಪಾಸು. ಇಲವಾಲದ ಶಾಲೆಗಳಿಗೆ ಇದನ್ನು ಅನ್ವಯಿಸಿದರೆ, ಮಧ್ಯಮ ಗಾತ್ರದ ಪ್ರತಿ ಶಾಲೆಯಲ್ಲೂ ಒಂದೆರಡು ಮಕ್ಕಳು ಇರಬೇಕು. ಇದ್ದಾರೆ ಕೂಡ. ‘ತುಂಬಾ ತುಂಟ’, ‘ಹೇಳಿದ್ದು ಕೇಳಲ್ಲ’, ‘ಮನೆಯಲ್ಲಿ ಮುದ್ದು ಜಾಸ್ತಿ’ ಎಂಬ ಹೆಸರುಗಳಲ್ಲಿ ಇದ್ದಾರೆ.

ಕಾನೂನು ಈ ಮಕ್ಕಳನ್ನು ನೋಡಲು ಸಾಕಷ್ಟು ಕಾಲ ತೆಗೆದುಕೊಂಡಿತು. 1995ರ ಅಂಗವಿಕಲರ ಕಾಯ್ದೆಯ ಏಳು ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ಹಕ್ಕುಗಳ ಕಾಯ್ದೆ ಏಳನ್ನು ಇಪ್ಪತ್ತೊಂದು ಮಾಡಿ ಆಟಿಸಂ ಅನ್ನು ಒಳಗೆ ತಂದಿತು. ಆ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳೂ ಈ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳುವಂತೆ, ಅವರಿಗೆ ಬೇಕಾದ ಹೊಂದಾಣಿಕೆ ಮಾಡುವಂತೆ ಸರ್ಕಾರ ನೋಡಿಕೊಳ್ಳಬೇಕು. ‘ಮಾನ್ಯತೆ’ ಎಂದ ಮೇಲೆ ಹುಣಸೂರು ರಸ್ತೆಯ ಉದ್ದಕ್ಕೂ ಹಳದಿ ಬಸ್ ಓಡಿಸುವ ಖಾಸಗಿ ಶಾಲೆಗಳೂ ಅದರಲ್ಲಿ ಬಂದವು. ಆದರೂ ದಾಖಲಾತಿಯ ಮೇಜಿನಲ್ಲಿ ಇವತ್ತಿಗೂ ಕೇಳಿಬರುವುದು ಒಂದೇ ವಾಕ್ಯ: ‘ನಮ್ಮಲ್ಲಿ ಫೆಸಿಲಿಟಿ ಇಲ್ಲ ಮೇಡಂ, ಸ್ಪೆಷಲ್ ಸ್ಕೂಲಿಗೆ ಹಾಕಿ.’ ಸೇರಿಸಿಕೊಂಡರೂ, ‘ಶ್ಯಾಡೋ ಟೀಚರ್ ನೀವೇ ಇಟ್ಟುಕೊಳ್ಳಿ’ ಎಂಬ ಷರತ್ತು. ಹಕ್ಕನ್ನು ಹೀಗೆ ತಂದೆತಾಯಿಯ ಜೇಬಿಗೆ ಕಟ್ಟಿಹಾಕುವುದು ನಿರಾಕರಣೆಯ ನಾಜೂಕು ರೂಪ.

ಸ್ಪೆಷಲ್ ಸ್ಕೂಲನ್ನು ಹೀಯಾಳಿಸಬೇಕಿಲ್ಲ. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ತೆರೆದಾಗ, ಆ ಮಕ್ಕಳಿಗೂ ವಿದ್ಯೆ ಹತ್ತುತ್ತದೆ ಎಂದು ನಂಬಿದ್ದೇ ದೊಡ್ಡ ಸಾಹಸ. ತೀವ್ರ ಅಗತ್ಯಗಳಿರುವ ಕೆಲವು ಮಕ್ಕಳಿಗೆ ಇಂದಿಗೂ ಅಂಥ ಶಾಲೆಯೇ ಸರಿ, ಆರಿಸಿಕೊಳ್ಳುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. ತಕರಾರು ಇರುವುದು, ಆಯ್ಕೆಯಾಗಿ ಇರಬೇಕಾದದ್ದು ಗಡೀಪಾರಿನ ವಿಳಾಸವಾಗಿರುವುದಕ್ಕೆ.

ಸರ್ಕಾರಿ ಶಾಲೆ ಬಾಗಿಲು ಹಾಕುವುದಿಲ್ಲ. ಮಗುವಿನ ಹೆಸರು ಇಲಾಖೆಯ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಏರುತ್ತದೆ, ‘ವಿಶೇಷ ಅಗತ್ಯವುಳ್ಳ ಮಗು’ ಎಂಬ ಕಾಲಮ್ಮಿಗೆ ಗುರುತು ಬೀಳುತ್ತದೆ. ಅಲ್ಲಿಗೆ ಇಲಾಖೆಯ ಮಟ್ಟಿಗೆ ಸಮನ್ವಯ ಶಿಕ್ಷಣ ಮುಗಿಯಿತು. ಇಂಥ ಮಕ್ಕಳಿಗೆಂದೇ ಬಿ.ಐ.ಇ.ಆರ್.ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ, ಆದರೆ ನೂರಾರು ಶಾಲೆಗಳ ಒಂದು ಶೈಕ್ಷಣಿಕ ವಲಯಕ್ಕೆ ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಇಲವಾಲಕ್ಕೆ ಬರುವ ದಿನ ಮಗುವಿಗೆ ಜ್ವರ ಬಂದಿದ್ದರೆ ಮುಂದಿನ ಭೇಟಿ ಯಾವಾಗಲೋ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ, ಮುಂದಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಹುದ್ದೆಗಳನ್ನು ಇನ್ನೂ ಗುರುತಿಸಿಲ್ಲವೇಕೆ ಎಂದು 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಚಾಟಿ ಬೀಸಿ ವಾರಗಳ ಗಡುವು ಕೊಡಬೇಕಾಯಿತು.

ಹಾಗಾದರೆ ಆ ಶಿಕ್ಷಕರು ಬರುವತನಕ ಕಾಯಬೇಕೇ? ಮೈಸೂರು ಜಿಲ್ಲೆ ಹಾಗೆ ಕೇಳಬೇಕಾದ ಜಿಲ್ಲೆಯಲ್ಲ. 1995ರಲ್ಲಿ ಇದೇ ಜಿಲ್ಲೆಯ ಎಚ್.ಡಿ. ಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿಬಂದು ‘ನಲಿ–ಕಲಿ’ ಶುರುಮಾಡಿದರು. 2009–10ರಿಂದ ಹಂತಹಂತವಾಗಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದರಿಂದ ಮೂರನೇ ತರಗತಿಗಳಿಗೆ ಹರಡಿತು. ಅದರಲ್ಲಿ ಏನಿದೆ ನೋಡಿ. ಪಾಠಪುಸ್ತಕದ ಬದಲು ಚಿತ್ರವಿರುವ ಕಾರ್ಡುಗಳು. ಮುಂದೇನು ಕಲಿಯಬೇಕೆಂದು ಮಗುವೇ ನೋಡಿಕೊಳ್ಳಬಹುದಾದ ಕಲಿಕಾ ಏಣಿ. ಪ್ರತಿ ಮಗುವಿಗೂ ಅದರದ್ದೇ ವೇಗ, ಒಂದು ತಿಂಗಳು ಶಾಲೆ ತಪ್ಪಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ. ಕೂರಲು ಐದು ‘ತಟ್ಟೆ’ಗಳು: ಶಿಕ್ಷಕರ ಪೂರ್ಣ ನೆರವಿನದು, ಭಾಗಶಃ ನೆರವಿನದು, ಗೆಳೆಯರ ಪೂರ್ಣ ನೆರವಿನದು, ಭಾಗಶಃ ನೆರವಿನದು, ಕೊನೆಗೆ ಸ್ವಕಲಿಕೆಯದು.

ಆಟಿಸಂ ಮಗುವಿಗೆ ತಜ್ಞರು ಬರೆದುಕೊಡುವ ಚೀಟಿಯಲ್ಲಿರುವುದೂ ಬಹುಪಾಲು ಇದೇ. ಕಿವಿಗಿಂತ ಕಣ್ಣಿಗೆ ಕೊಡಿ. ಮುಂದೇನಾಗುತ್ತದೆ ಎಂದು ಮೊದಲೇ ತೋರಿಸಿ. ಸಣ್ಣ ಹೆಜ್ಜೆಗಳಲ್ಲಿ ಕಲಿಸಿ. ನೆರವನ್ನು ಮೊದಲು ಪೂರ್ತಿ ಕೊಟ್ಟು, ನಿಧಾನವಾಗಿ ಕಡಿಮೆ ಮಾಡಿ. ಕೋಟೆಯ ಮೇಷ್ಟ್ರುಗಳು ಬಡವರ, ಕಾಡಂಚಿನ ಹಾಡಿಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು ಈ ಮಕ್ಕಳಿಗೂ ಒಗ್ಗುವಂತಿದೆ. ಮಾನಸಗಂಗೋತ್ರಿಯ ತಜ್ಞತೆಯೂ ಕೋಟೆಯ ಕಾರ್ಡುಗಳೂ ಒಂದೇ ಜಿಲ್ಲೆಯಲ್ಲಿ ಇವೆ, ಆದರೆ ಒಂದೇ ಚಾಪೆಯ ಮೇಲೆ ಕೂತು ಮಾತಾಡಿಲ್ಲ. ಒಬ್ಬರದು ಆರೋಗ್ಯ ಸಚಿವಾಲಯ, ಇನ್ನೊಬ್ಬರದು ಶಿಕ್ಷಣ ಇಲಾಖೆ.

ನಾಲ್ಕನೇ ತರಗತಿಗೆ ಕಾಲಿಟ್ಟೊಡನೆ ಏಣಿ ಮಾಯವಾಗುತ್ತದೆ. ಬೋರ್ಡು, ನೋಟ್ಸು, ಪರೀಕ್ಷೆ. ಮೂರು ವರ್ಷ ಹೇಗೋ ನಿಭಾಯಿಸಿದ ಮಗು ಇಲ್ಲಿ ತಡವರಿಸುತ್ತದೆ, ಹಾಜರಿ ತೆಳುವಾಗುತ್ತದೆ, ಆಮೇಲೆ ‘ಗೃಹಾಧಾರಿತ ಶಿಕ್ಷಣ’ ಎಂಬ ಪಟ್ಟಿಗೆ ಹೆಸರು ಹೋಗುತ್ತದೆ. ಮನೆಯಲ್ಲೇ ಮಲಗಿರಬೇಕಾದ ಸ್ಥಿತಿಯ ಮಕ್ಕಳಿಗಾಗಿ ಮಾಡಿದ ವ್ಯವಸ್ಥೆ, ಓಡಾಡುವ ಮಗುವನ್ನು ಸದ್ದಿಲ್ಲದೆ ಹೊರಗಿಡುವ ದಾರಿಯಾಗಬಾರದು.

‘ನಲವತ್ತು ಮಕ್ಕಳಿದ್ದಾರೆ, ಒಬ್ಬನಿಗಾಗಿ ಎಲ್ಲ ಬದಲಿಸಲಾಗುತ್ತದೆಯೇ?’ ಎಂಬ ಶಿಕ್ಷಕರ ಪ್ರಶ್ನೆ ಸುಳ್ಳಲ್ಲ. ಅವರ ಮೇಲೆ ಚುನಾವಣೆ, ಗಣತಿ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ ಎಲ್ಲವೂ ಇದೆ. ಆದರೆ ಆ ಮೊಟ್ಟೆಯನ್ನೇ ನೋಡಿ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂದು ರಾಜ್ಯದ ಉದ್ದಗಲಕ್ಕೂ ಪ್ರತಿ ಶಾಲೆ ಪಟ್ಟಿ ಮಾಡಿಕೊಂಡು, ಎರಡು ಬಗೆಯಲ್ಲಿ ಬಡಿಸುತ್ತದೆ. ಮನೆತನದ ನಂಬಿಕೆಗೆ ಹೊಂದಿಕೊಳ್ಳಲು ತಿಳಿದಿರುವ ಬಿಸಿಯೂಟದ ಕೋಣೆಗೆ, ಅನ್ನಕ್ಕೆ ಸಾಂಬಾರು ಬೆರೆತರೆ ಉಸಿರುಕಟ್ಟಿದಂತೆ ಒದ್ದಾಡುವ ಮಗುವಿಗೆ ಎರಡನ್ನೂ ಬೇರೆಬೇರೆಯಾಗಿ ಬಡಿಸುವುದು ಕಷ್ಟವಾಗಬಾರದು. ಪ್ರಾರ್ಥನೆಯ ಮೈಕು ಕಿರುಚಿದಾಗ ಕಿವಿ ಮುಚ್ಚಿಕೊಂಡು ಓಡುವ ಹುಡುಗನನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಲು ಸರ್ಕಾರಿ ಆದೇಶ ಬೇಕಿಲ್ಲ. ದಿನದ ಕೆಲಸಗಳನ್ನು ಐದಾರು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಉಳಿದ ಮೂವತ್ತೊಂಬತ್ತು ಮಕ್ಕಳಿಗೂ ನಷ್ಟವಿಲ್ಲ.

ಮಾತಿಲ್ಲದ ಮಗುವಿಗೆ ಬುದ್ಧಿಯೂ ಇಲ್ಲ ಎಂಬ ಎಣಿಕೆಯನ್ನು ಅಲುಗಾಡಿಸಿದ ಒಂದು ಹೆಸರು ಮೈಸೂರಿನ ಮೂಲಕವೇ ಹಾದುಹೋಗಿದೆ. 1990ರ ದಶಕದಲ್ಲಿ ಸೋಮಾ ಮುಖೋಪಾಧ್ಯಾಯ ಎಂಬ ತಾಯಿ, ಮಾತು ಬಾರದ ಮಗ ಟಿಟೊನನ್ನು ಕರೆದುಕೊಂಡು ಆಯಿಷ್‌ಗೆ ಬಂದಿದ್ದರು. ಅಲ್ಲಿ ಅವನೊಡನೆ ಕೆಲಸ ಮಾಡಿದವರು ವಾಕ್‌ತಜ್ಞೆ ಡಾ. ಪ್ರತಿಭಾ ಕಾರಂತ. ಮುಂದೆ ಬೆಂಗಳೂರಿನಲ್ಲಿ ‘ಕಾಂ ಡೀಲ್’ ಟ್ರಸ್ಟ್ ಕಟ್ಟಿ, ಪುಟ್ಟ ಮಕ್ಕಳಿಗೆ ಬೇಗನೆ ತರಬೇತಿ ಕೊಡುವ ಪದ್ಧತಿ ರೂಪಿಸಿದವರೂ ಅವರೇ. ಟಿಟೊ ಎಂಟರಿಂದ ಹನ್ನೊಂದು ವರ್ಷದ ನಡುವೆ ಬರೆದ ಪುಸ್ತಕವನ್ನು 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪ್ರಕಟಿಸಿತು, ಬಿಬಿಸಿ ಸಾಕ್ಷ್ಯಚಿತ್ರ ಮಾಡಿತು. ಆಮೇಲೆ ತಾಯಿ ಮಗ ಅಮೆರಿಕಕ್ಕೆ ಹೋದರು.

ಇಲ್ಲಿ ಒಂದು ಎಚ್ಚರವೂ ಬೇಕು. ಸೋಮಾ ಅಮೆರಿಕದಲ್ಲಿ ಪ್ರಚಾರಕ್ಕೆ ತಂದ ಕಲಿಕಾ ವಿಧಾನವನ್ನು ಬಳಸಬೇಡಿ ಎಂದು ಅಲ್ಲಿನ ವಾಕ್–ಶ್ರವಣ ತಜ್ಞರ ಸಂಘ 2018ರಲ್ಲಿ ಹೇಳಿದೆ. ಅದರಲ್ಲಿ ಮೂಡುವ ಅಕ್ಷರಗಳು ಮಗುವಿನವೋ, ಪಕ್ಕದಲ್ಲಿ ಕೂತು ಅಕ್ಷರದ ಹಲಗೆ ಹಿಡಿದವರವೋ ಎಂದು ತೋರಿಸುವ ಪುರಾವೆ ಇಲ್ಲ ಎಂಬುದು ಅವರ ಆಕ್ಷೇಪ. ಆಕ್ಷೇಪ ಸರಿಯಾದದ್ದೇ, ಪವಾಡದ ಹಸಿವಿರುವ ತಂದೆತಾಯಿಗೆ ಮಾರುವವರು ಎಲ್ಲ ಊರಲ್ಲೂ ಇದ್ದಾರೆ. ಹಾಗೆಂದು, ಮಗುವಿಗೆ ತಿಳಿಯುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ ಅದರ ಎದುರೇ ಅದರ ಬಗ್ಗೆ ‘ಇವನಿಗೇನೂ ಬರಲ್ಲ’ ಎನ್ನುವುದಕ್ಕೂ ಪುರಾವೆಯಿಲ್ಲ. ಚಿತ್ರದ ಕಾರ್ಡು ಎತ್ತಿಕೊಟ್ಟು ನೀರು ಕೇಳುವ ಮಗು ಮಾತಾಡಿದೆ ಎಂದೇ ಲೆಕ್ಕ. ಚಿತ್ರ ಕೊಟ್ಟರೆ ಬಾಯಿಮಾತು ಬರುವುದೇ ಇಲ್ಲ ಎಂಬ ಭಯ ಅನೇಕ ಮನೆಗಳಲ್ಲಿದೆ. ಸಂಶೋಧನೆಗಳು ಅದನ್ನು ಒಪ್ಪುವುದಿಲ್ಲ.

ದೊಡ್ಡವರಾದ ಮೇಲಿನ ಮಾತನ್ನು ಎಲ್ಲರೂ ಮುಂದೂಡುತ್ತಾರೆ, ಈ ಲೇಖನವೂ ಸೇರಿದಂತೆ. ಸರ್ಕಾರಿ ಉದ್ಯೋಗದ ಶೇ 4 ಮೀಸಲಾತಿಯಲ್ಲಿ ಆಟಿಸಂ, ಬೌದ್ಧಿಕ ಮತ್ತು ಕಲಿಕಾ ವೈಕಲ್ಯ ಮುಂತಾದವುಗಳಿಗೆ ಸೇರಿ ಶೇ 1 ಇದೆ, ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ಸ್ಯಾಪ್ ಎಂಬ ಜರ್ಮನ್ ಕಂಪನಿ ಆಟಿಸಂ ಇರುವವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ತನ್ನ ಕಾರ್ಯಕ್ರಮವನ್ನು ಮೊದಲು ಪ್ರಯೋಗಿಸಿದ್ದು ಬೆಂಗಳೂರಿನ ಕಚೇರಿಯಲ್ಲಿ, 2013ರಲ್ಲಿ ಅದನ್ನು ಜಗತ್ತಿಗೇ ವಿಸ್ತರಿಸಿತು. ಇಲವಾಲಕ್ಕೂ ನಗರಕ್ಕೂ ನಡುವೆ ಹೆಬ್ಬಾಳ, ಕೂರ್ಗಳ್ಳಿಯ ಕೈಗಾರಿಕಾ ಪ್ರದೇಶಗಳಿವೆ. ಕ್ರಮ ತಪ್ಪದೆ ಒಂದೇ ಕೆಲಸ ಮಾಡುವವರನ್ನು ಅಲ್ಲಿ ಹುಡುಕುತ್ತಲೇ ಇರುತ್ತಾರೆ.

ಇಲವಾಲಕ್ಕೆ ದೊಡ್ಡ ಮಾತುಗಳನ್ನು ಕೇಳಿ ಗೊತ್ತು. 1957ರ ಸೆಪ್ಟೆಂಬರ್ 21 ಮತ್ತು 22ರಂದು ವಿನೋಬಾ, ಬಾಬು ರಾಜೇಂದ್ರ ಪ್ರಸಾದ್, ನೆಹರೂ, ಜಯಪ್ರಕಾಶ ನಾರಾಯಣ, ಇಎಂಎಸ್ ನಂಬೂದಿರಿಪಾಡ್ ಇಲ್ಲೇ ಸೇರಿ ಗ್ರಾಮದಾನದ ಬಗ್ಗೆ ಚರ್ಚಿಸಿದ್ದರು. ಊರಿನ ಭೂಮಿ ಊರಿನ ಎಲ್ಲರದ್ದು ಎಂಬ ಆ ಆಸೆ ಎಲ್ಲಿಗೆ ಮುಟ್ಟಿತು ಎಂಬುದು ಬೇರೆ ಕಥೆ. ಊರಿನ ಶಾಲೆ ಊರಿನ ಎಲ್ಲ ಮಕ್ಕಳದ್ದು ಎಂಬುದು ಅಷ್ಟು ದೊಡ್ಡ ಆಸೆಯೂ ಅಲ್ಲ.

ಆಯಿಷ್‌ಗೆ ಹಳ್ಳಿಗೆ ಹೋಗುವುದು ಹೊಸದಲ್ಲ. ಕೆ.ಆರ್. ಪೇಟೆಯ ಅಕ್ಕಿಹೆಬ್ಬಾಳು, ನಂಜನಗೂಡಿನ ಹುಲ್ಲಹಳ್ಳಿ, ಯಳಂದೂರಿನ ಗುಂಬಳ್ಳಿಗಳಲ್ಲಿ ಅದರ ಹೊರಸೇವಾ ಕೇಂದ್ರಗಳಿವೆ. ಇಲವಾಲಕ್ಕೆ ಬೇಕಾದದ್ದು ಹೊಸ ಕಟ್ಟಡವೂ ಅಲ್ಲ. ವಿಶೇಷ ಶಿಕ್ಷಣದ ಬಿ.ಎಡ್ ಓದುವವರು, ವಾಕ್‌ಚಿಕಿತ್ಸೆಯ ವಿದ್ಯಾರ್ಥಿಗಳು ಹೇಗೂ ಎಲ್ಲಿಯಾದರೂ ತರಬೇತಿ ಮಾಡಲೇಬೇಕು. ವಾರಕ್ಕೆ ಒಂದು ದಿನ ಅವರು ಇಲವಾಲ ಕ್ಲಸ್ಟರಿನ ನಲಿ–ಕಲಿ ತರಗತಿಗಳಲ್ಲಿ ಕೂರಲಿ, ಕ್ಲಸ್ಟರಿನ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ ಆಟಿಸಂಗೆ ಮೀಸಲಾಗಲಿ. ನಾಲ್ಕು, ಐದನೇ ತರಗತಿಗಳಿಗೂ ಕಲಿಕಾ ಏಣಿಯನ್ನು ಹತ್ತು ಶಾಲೆಗಳಲ್ಲಿ ವಿಸ್ತರಿಸಿ ನೋಡಲು ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ಗೆ ಒಂದು ವರ್ಷ ಸಾಕು. ಕಾರ್ಡು, ಚಿತ್ರಪಟಗಳ ಖರ್ಚಿಗೆ ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆಂದು ತೆಗೆದಿಡಬೇಕಾದ ಶೇ 5ರ ಹಣವಿದೆ. ಹಲವು ಪಂಚಾಯಿತಿಗಳಲ್ಲಿ ಅದು ವರ್ಷಾಂತ್ಯದಲ್ಲಿ ತರಾತುರಿಯಿಂದ ಖರ್ಚಾಗುವ ದುಡ್ಡು. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಬಳಿ ಯಾವ ಮನೆಯಲ್ಲಿ ಯಾವ ಮಗುವಿದೆ ಎಂಬ ಪಟ್ಟಿ ಇರುತ್ತದೆ. ಶಾಲೆ ಶುರುವಾಗುವ ಮೊದಲು ಆ ಪಟ್ಟಿಯನ್ನೂ ಎಸ್‌ಎಟಿಎಸ್ ಪಟ್ಟಿಯನ್ನೂ ಎದುರುಬದುರು ಇಟ್ಟು, ಹೆಸರಿದ್ದೂ ತರಗತಿಗೆ ಬಾರದ ಮಕ್ಕಳು ಯಾರು ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಗಟ್ಟಿಯಾಗಿ ಓದಬಹುದು.