ಹಳೆಯ ಟೈ ಮತ್ತು ಮಿತಬಳಕೆಯ ವಿವೇಕ

ಕಾಡು, ಹೊಳೆ, ಗಣಿ, ಅಣೆಕಟ್ಟುಗಳ ಕುರಿತು ಬರೆಯುವ ಈ ಪುಟಗಳಲ್ಲಿ ಕೊರಳಿಗೆ ಕಟ್ಟುವ ಟೈಗೇನು ಕೆಲಸವೆಂದು ಓದುಗರು ಕೇಳಬಹುದು. ಮಲೆನಾಡಿನ ಕೃಷಿಕನಿಗೆ ಅದರ ಅಗತ್ಯವಿಲ್ಲ. ವಸಾಹತುಶಾಹಿಯ ಗುರುತೆಂದು ಅದನ್ನು ತಿರಸ್ಕರಿಸುವವರೂ ನಮ್ಮಲ್ಲಿದ್ದಾರೆ. ಆದರೆ ಅಮೆರಿಕ, ಬ್ರಿಟನ್ನುಗಳಲ್ಲಿ ಐವತ್ತು, ಎಪ್ಪತ್ತು ವರ್ಷಗಳಷ್ಟು ಹಳೆಯ ಟೈಗಳನ್ನು ಹುಡುಕಿ, ಸಂಗ್ರಹಿಸಿ, ಇಂದಿಗೂ ಧರಿಸುವ ಹವ್ಯಾಸಿಗಳಿದ್ದಾರೆ. ಕೊಳ್ಳುಬಾಕತನವನ್ನು ಪ್ರಶ್ನಿಸುವ ನಾವು ಅವರಿಂದ ಕಲಿಯಬೇಕಾದುದು ಇದೆ ಎಂಬುದು ಈ ಬರಹದ ವಾದ.

ಹದಿನೇಳನೆಯ ಶತಮಾನದ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಫ್ರಾನ್ಸಿನ ಸೇವೆಗೆ ಬಂದ ಕ್ರೊವೇಷಿಯಾದ ಸೈನಿಕರ ಕೊರಳಪಟ್ಟಿಯೇ ಟೈಯ ಪೂರ್ವಜ. ಅದಕ್ಕೆ ಇಂದಿನ ರೂಪ ಕೊಟ್ಟವನು ನ್ಯೂಯಾರ್ಕಿನ ಜೆಸ್ಸೆ ಲ್ಯಾಂಗ್ಸ್‌ಡಾರ್ಫ್. 1920ರ ದಶಕದಲ್ಲಿ ಆತ ಬಟ್ಟೆಯನ್ನು ನೂಲಿನ ನೇರಕ್ಕೆ 45 ಡಿಗ್ರಿ ಓರೆಯಾಗಿ ಕತ್ತರಿಸಿ, ಮೂರು ತುಂಡುಗಳನ್ನು ಜೋಡಿಸುವ ಕ್ರಮವನ್ನು ರೂಪಿಸಿದ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಾಗ ಹಿಗ್ಗಿ, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುತ್ತದೆ. ಉತ್ತಮ ಟೈಯ ಬೆನ್ನಿನಲ್ಲಿ ಸಡಿಲವಾದ ಒಂದೇ ದಾರದ ಕೈಹೊಲಿಗೆಯಿರುತ್ತದೆ. ಆ ದಾರವನ್ನು ತೆಗೆದರೆ ಇಡೀ ಟೈ ಬಿಚ್ಚಿಕೊಳ್ಳುತ್ತದೆ. ಒಳಪಟ್ಟಿಯನ್ನು ಬದಲಿಸಿ, ಬೇಕಿದ್ದರೆ ಅಗಲವನ್ನು ಕಿರಿದುಗೊಳಿಸಿ, ಮತ್ತೆ ಹೊಲಿಯಬಹುದು. ದುರಸ್ತಿಗೆ ಇಷ್ಟು ಸುಲಭವಾಗಿ ಒಗ್ಗುವ ಉಡುಪು ಅಪರೂಪ.

ಚಪ್ಪಲಿ ಸವೆಯುತ್ತದೆ, ಪಂಚೆ ಹರಿಯುತ್ತದೆ. ಟೈ ಯಾವ ದುಡಿಮೆಯನ್ನೂ ಮಾಡದು. ಆದ್ದರಿಂದ ಅದು ಸವೆಯುವುದೂ ಬಹಳ ನಿಧಾನ. ಸವೆಯದ ವಸ್ತುವನ್ನು ಮತ್ತೆ ಮತ್ತೆ ಮಾರುವುದು ಹೇಗೆ? ಮಾರುಕಟ್ಟೆಗೆ ಒದಗಿದ ಉಪಾಯ ಅಗಲವನ್ನು ಬದಲಿಸುವುದು. ಎರಡನೆಯ ಮಹಾಯುದ್ಧ ಮುಗಿದೊಡನೆ ಅಮೆರಿಕದಲ್ಲಿ ನಾಲ್ಕು ಅಂಗುಲ ಮೀರಿದ, ಬಣ್ಣಬಣ್ಣದ ಚಿತ್ತಾರಗಳ ಟೈಗಳು ಬಂದವು. 1960ರ ಹೊತ್ತಿಗೆ ಅವು ಎರಡು ಅಂಗುಲಕ್ಕೆ ಇಳಿದವು. ಆ ದಶಕದ ನಡುವಿನಲ್ಲಿ ಲಂಡನ್ನಿನ ವಿನ್ಯಾಸಕ ಮೈಕೆಲ್ ಫಿಶ್ ‘ಕಿಪ್ಪರ್’ ಎಂಬ ಹೆಸರಿನ ಅತಿ ಅಗಲದ ಟೈಯನ್ನು ತಂದ. 1970ರ ದಶಕದಲ್ಲಿ ಅಗಲವೇ ರೂಢಿಯಾಯಿತು. 1980ರ ದಶಕದ ಆರಂಭದಲ್ಲಿ ತೆಳು ಟೈ ಮರಳಿತು. ಪ್ರತಿ ತಿರುವಿನಲ್ಲಿಯೂ ಹರಿಯದ, ಮಾಸದ ಟೈಗಳು ಕಪಾಟಿನಿಂದ ಹೊರಬಿದ್ದವು. ಬಳಸಿ ಬಿಸಾಡುವ ಸಂಸ್ಕೃತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕೆ?

ಸಂಗ್ರಾಹಕರು ನಿರಾಕರಿಸುವುದು ಈ ತಿರುಗಣಿಯನ್ನೇ. ಅವರು ಧರ್ಮಾರ್ಥ ಸಂಸ್ಥೆಗಳ ಹಳೆಬಟ್ಟೆ ಅಂಗಡಿಗಳಲ್ಲಿ ಟೈಯನ್ನು ತಿರುವಿ, ಅಗಲವನ್ನು ಅಳೆದು, ಹೊಲಿಗೆಯನ್ನು ಪರೀಕ್ಷಿಸಿ, ಹಿಂಬದಿಯ ಚೀಟಿಯನ್ನು ಓದುತ್ತಾರೆ. ನಾರಿನ ಪ್ರಮಾಣವನ್ನು ಚೀಟಿಯಲ್ಲಿ ನಮೂದಿಸಬೇಕೆಂಬ ಅಮೆರಿಕದ ಕಾನೂನು 1960ರಲ್ಲಿ ಜಾರಿಗೆ ಬಂದಿತು. ಆ ನಮೂದು ಇರುವ ಟೈ ಬಹುತೇಕ ಅನಂತರದ್ದೆಂದು ಅವರು ಊಹಿಸಬಲ್ಲರು. ತೊಡುವ ವಸ್ತು ಯಾವುದರಿಂದ, ಯಾವಾಗ, ಹೇಗೆ ಆಯಿತೆಂದು ಕೇಳುವ ಈ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿ ಮಿತ್ರರು ತಮ್ಮ ಉಡುಪಿನ ವಿಷಯದಲ್ಲಿಯೂ ಬೆಳೆಸಿಕೊಳ್ಳಬೇಕು.

ಏಕೆಂದರೆ ಪ್ರತಿ ನಾರಿನ ಹಿಂದೆ ಒಂದು ನೆಲವಿದೆ. ಒಂದು ರೇಷ್ಮೆ ಟೈಗೆ ನೂರಕ್ಕೂ ಹೆಚ್ಚು ಗೂಡುಗಳು ಬೇಕು. ಅಷ್ಟು ಹುಳುಗಳು ಮೇಯುವ ಹಿಪ್ಪುನೇರಳೆಗೆ ಮಣ್ಣು, ನೀರು ಬೇಕು. ಯುದ್ಧಕಾಲದಲ್ಲಿ ಜಪಾನಿನ ರೇಷ್ಮೆ ನಿಂತುಹೋದಾಗ ಅಮೆರಿಕದ ಟೈ ತಯಾರಕರು ಹೆಚ್ಚಾಗಿ ಆಶ್ರಯಿಸಿದ್ದು ರೇಯಾನನ್ನು. ರೇಯಾನಿನ ಮೂಲ ಮರದ ತಿರುಳು. ಅದರ ಬೆಲೆ ಏನೆಂದು ನಮ್ಮ ನಾಡಿಗೆ ಗೊತ್ತು. ಹರಿಹರದ ಕಾರ್ಖಾನೆಗೆ ತಿರುಳು ಒದಗಿಸಲು ಹಳ್ಳಿಗಳ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ನೆಡಲು ಹೊರಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಇಂದು ಅಗ್ಗದ ಟೈಗಳು ಪಾಲಿಯೆಸ್ಟರಿನವು. ಅದರ ಮೂಲ ಕಲ್ಲೆಣ್ಣೆ, ಮತ್ತು ಅದು ಮಣ್ಣಿನಲ್ಲಿ ಕೊಳೆಯದು. ಈಗಾಗಲೇ ನೇಯ್ದಿರುವ ಟೈಯನ್ನು ಮತ್ತೆ ಕಟ್ಟಿಕೊಂಡವನು ನೆಲದಿಂದ ಹೊಸದೇನನ್ನೂ ಕೇಳುವುದಿಲ್ಲ.

ಕಟ್ಟಲಾಗದಷ್ಟು ಜೀರ್ಣವಾದ ಟೈಗಳನ್ನು ಅಮೆರಿಕದ ಮನೆಗಳಲ್ಲಿ ಬಿಡಿಸಿ ಹೊದಿಕೆಗಳಾಗಿ ಹೊಲಿಯುವ ಪದ್ಧತಿಯೂ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗೂ ಅದಕ್ಕೂ ಇರುವ ಬಂಧುತ್ವ ಯಾರಿಗಾದರೂ ಕಂಡೀತು.

ಹಾಗೆಂದು ಈ ಹವ್ಯಾಸ ದೋಷಮುಕ್ತವೇನೂ ಅಲ್ಲ. ಸಂಗ್ರಹವೂ ಲೋಭವಾಗಬಲ್ಲದು. ನೂರಾರು ಟೈಗಳನ್ನು ದೂರದೇಶಗಳಿಂದ ವಿಮಾನದಲ್ಲಿ ತರಿಸಿ ಪೆಟ್ಟಿಗೆಯಲ್ಲಿಡುವವನು ಮಿತವ್ಯಯಿಯಲ್ಲ. ಇನ್ನು ಹವಾಮಾನದ ಪ್ರಶ್ನೆ. ಟೈ ಚಳಿನಾಡಿನ ಕೂಸು. ಸೆಕೆಯಲ್ಲಿ ಅದನ್ನು ಬಿಗಿದುಕೊಂಡವನಿಗೆ ತಂಪುಯಂತ್ರ ಬೇಕಾಗುತ್ತದೆ. ಇದನ್ನು ಅರಿತ ಜಪಾನ್ ಸರ್ಕಾರ 2005ರಲ್ಲಿ ‘ಕೂಲ್ ಬಿಜ್’ ಅಭಿಯಾನ ಆರಂಭಿಸಿ, ಬೇಸಗೆಯಲ್ಲಿ ಟೈ ಬಿಟ್ಟು ಕಚೇರಿಯ ಉಷ್ಣತೆಯನ್ನು 28 ಡಿಗ್ರಿಯಲ್ಲಿಡಲು ಕರೆನೀಡಿತು. 2022ರ ಜುಲೈನಲ್ಲಿ ಸ್ಪೇನಿನ ಪ್ರಧಾನಿ ಪೆದ್ರೊ ಸಾಂಚೆಸ್ ಇಂಧನ ಉಳಿಸಲು ಟೈ ಕಳಚುವಂತೆ ಕೇಳಿಕೊಂಡರು. ಹಳೆಯದಾದರೂ ಹೊಸದಾದರೂ ಟೈ ತನ್ನ ಋತುವಿನಲ್ಲಿ, ತನ್ನ ನೆಲದಲ್ಲಿ ಮಾತ್ರ ಸಲ್ಲುತ್ತದೆ.

ಈ ಎರಡು ಅಳತೆಗೋಲುಗಳನ್ನು ನಮ್ಮ ಊರಿನ ಖಾಸಗಿ ಶಾಲೆಗಳಿಗೆ ಅನ್ವಯಿಸಿ ನೋಡೋಣ. ಜೂನ್ ತಿಂಗಳ ಜಡಿಮಳೆಯಲ್ಲಿ ನೆನೆದು ಬರುವ ಮಕ್ಕಳ ಕೊರಳಿಗೆ ಗಂಟು ಹಾಕಿಯೇ ಇರುವ, ಎಲಾಸ್ಟಿಕ್ಕಿನ ಪಾಲಿಯೆಸ್ಟರ್ ಟೈ ಏತಕ್ಕೆ? ಅದು ಬೆಚ್ಚಗಿಡದು, ಒಣಗಿಸದು. ಬಣ್ಣವೋ ಲಾಂಛನವೋ ಬದಲಾದರೆ ಅಣ್ಣನ ಟೈ ತಮ್ಮನಿಗೆ ಬಾರದು. ಕೂಲಿ ಮಾಡುವ ಪಾಲಕರು ಮತ್ತೆ ಹಣ ತೆರಬೇಕು. ಇಚ್ಛೆಯಿಂದ ಹಳೆಯ ಟೈ ಕಟ್ಟಿದ ಸಂಗ್ರಾಹಕನಿಗೂ ಕಡ್ಡಾಯವಾಗಿ ಹೊಸ ಟೈ ಕೊಳ್ಳಬೇಕಾದ ಮಗುವಿಗೂ ಇರುವ ಅಂತರವನ್ನು ಶಾಲಾ ಆಡಳಿತಗಳು ಮನಗಾಣಬೇಕು.

ಆದ್ದರಿಂದ ಪಾಲಕರಲ್ಲಿ ಒಂದು ವಿನಂತಿ. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನ ಶಾಲೆಯ ಸಭೆಯಲ್ಲಿ ಈ ವಿಷಯವನ್ನೆತ್ತಿ. ಟೈ ಕಡ್ಡಾಯವಾಗದಿರಲಿ ಎಂದು ಕೇಳಿ. ಅದು ಸಾಧ್ಯವಾಗದಿದ್ದಲ್ಲಿ ವಿನ್ಯಾಸವನ್ನು ಬದಲಿಸದಿರಲಿ, ಹೊರಹೋಗುವ ಮಕ್ಕಳ ಟೈಗಳನ್ನು ಮರಳಿ ಪಡೆದು ಹೊಸಬರಿಗೆ ಹಂಚುವ ವ್ಯವಸ್ಥೆಯಾಗಲಿ ಎಂದು ಒತ್ತಾಯಿಸಿ. ಗಟ್ಟಿಯಿರುವ ವಸ್ತುವನ್ನು ಹಳತೆಂದು ಎಸೆಯದಿರುವ ಪಾಠವನ್ನು ಮಕ್ಕಳು ಶಾಲೆಯಲ್ಲಿಯೇ ಕಲಿಯುವಂತಾಗಲಿ.