ಮನೆ-ಹಿತ್ತಲ: ಪಾರಿಜಾತವನ್ನು ಸವರಿದ ಬಗೆ

ಕಳೆದ ಸಂಚಿಕೆಯಲ್ಲಿ ಬಾವಿಯ ಹೂಳೆತ್ತಿಸುವ ವಿಚಾರವನ್ನು ಬರೆದಿದ್ದೆವು. ಅದನ್ನೋದಿದ ಗೃಹಿಣಿಯೊಬ್ಬರು, ತಮ್ಮ ಅಂಗಳದ ಹೂವಿನ ಗಿಡವು ಮನೆಯನ್ನೇ ಮೀರಿ ಬೆಳೆದಿದೆಯೆಂದೂ, ಕಡಿಸಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆಂದೂ ಬರೆದು ಕೇಳಿರುವರು. (ನಮ್ಮ ಕಡೆಯಲ್ಲಿ ಮರಕ್ಕೂ ಗಿಡವೆಂದೇ ಹೆಸರು, ದಕ್ಷಿಣದ ವಾಚಕರು ಕ್ಷಮಿಸಬೇಕು.) ಈ ಪ್ರಶ್ನೆಯು ನಮ್ಮ ಮನೆಯಲ್ಲಿಯೇ ಎರಡು ವರುಷ ವ್ಯಾಜ್ಯವಾಗಿ ನಡೆದು ಕಳೆದ ಮಾಘಮಾಸದಲ್ಲಿ ಒಂದು ದಾರಿಗೆ ಬಂದಿತು. ಆದುದರಿಂದ ಉತ್ತರವನ್ನು ನಮ್ಮ ಹಿತ್ತಲಿನಿಂದಲೇ ಹೇಳುವೆವು.

ಹಿರೇಬೆಂಡಿಗೇರಿಯ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಪಾರಿಜಾತವಿದೆ. ನಮ್ಮ ತಾಯಿಯವರು 1988ರಲ್ಲಿ ಬಂಕಾಪುರದ ತಮ್ಮ ತವರಿನಿಂದ ಗೇಣುದ್ದದ ಸಸಿಯೊಂದನ್ನು ತಂದು ಬಚ್ಚಲ ನೀರು ಹರಿಯುವಲ್ಲಿ ಹಚ್ಚಿದರು. ಅವರು ತೀರಿಕೊಂಡ ಮೇಲೆ ಆ ಗಿಡವನ್ನು ಯಾರೂ ಮುಟ್ಟಲಿಲ್ಲ. ಮುಟ್ಟಬಾರದೆಂಬ ಭಕ್ತಿ ಸ್ವಲ್ಪ, ಸೋಮಾರಿತನ ಬಹಳ. ಗಿಡವು ಇಪ್ಪತ್ತಡಿಯನ್ನು ಮೀರಿ ಹಂಚಿನ ಮೇಲೆ ಒರಗಿತು. ಬಿಸಿಲು ಕಾಣದ ಕೆಳಗಿನ ರೆಂಬೆಗಳು ಒಣಗಿದವು. ಹೂವೆಲ್ಲ ನೆತ್ತಿಯನ್ನೇರಿತು.

ಪಾರಿಜಾತದ ಹೂವು ರಾತ್ರಿಯಲ್ಲಿ ಅರಳಿ ಬೆಳಗಾಗುವುದರೊಳಗೆ ಉದುರುವುದು ಎಲ್ಲರಿಗೂ ತಿಳಿದುದೇ. ನೆಲಕ್ಕೆ ಬಿದ್ದ ಹೂವು ಪೂಜೆಗೆ ಸಲ್ಲದೆಂಬ ನಿಯಮಕ್ಕೆ ಇದೊಂದು ಹೊರತು. ಆದರೆ ನಮ್ಮ ಗಿಡದ ಹೂವು ಬೀಳುತ್ತಿದ್ದುದು ನಮ್ಮ ನೆಲಕ್ಕಲ್ಲ, ನೆರೆಮನೆಯ ಮಾಡಿನ ಮೇಲೆ. ಶ್ರೀಕೃಷ್ಣನು ಸತ್ಯಭಾಮೆಯ ಅಂಗಳದಲ್ಲಿ ನೆಟ್ಟ ಪಾರಿಜಾತವು ರುಕ್ಮಿಣಿಯ ಅಂಗಳದಲ್ಲಿ ಹೂ ಸುರಿಸಿತೆಂಬ ಕಥೆಯನ್ನು ನಾವು ಶಾಲೆಯಲ್ಲಿ ಎಷ್ಟು ಸಲ ಹೇಳಿದ್ದೆವೋ! ನಮ್ಮ ನೆರೆಯವರು ಮಾತ್ರ ರುಕ್ಮಿಣಿಯಂತೆ ಸಂತೋಷಪಡಲಿಲ್ಲ. ಉಗುರಿಗೆ ತಾಗಿದರೆ ಅರದಂತೆ ಉಜ್ಜುವ ಆ ಒರಟು ಎಲೆಗಳು ಅವರ ಹರನಾಳಿಗೆಯಲ್ಲಿ ತುಂಬಿ, ಮಳೆಗಾಲದಲ್ಲಿ ಗೋಡೆಗೆ ನೀರಿಳಿಯತೊಡಗಿತು. ಅವರ ದೂರು ನ್ಯಾಯವಾದದ್ದು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರುಷಗಳ ಹಿಂದೆ, ದೂರು ಮೊದಲು ಬಂದಾಗ, ಆಷಾಢದಲ್ಲಿ ಕಟ್ಟಿಗೆ ಸೀಳುವ ಆಳನ್ನು ಕರೆಸಿ, "ನೆತ್ತಿಯನ್ನು ಹಾರಿಸಿಬಿಡು" ಎಂದೆವು. ಅವನು ಕೊಡಲಿಯಿಂದ ಹಾರಿಸಿದನು; ಮೊಳದುದ್ದದ ಮೋಟುಗಳು ಉಳಿದವು. ಆ ವರುಷ ಒಂದು ಹೂವೂ ಬರಲಿಲ್ಲ. ಮರುವರುಷ ಒಂದೊಂದು ಮೋಟಿನ ತಲೆಯಿಂದಲೂ ಹತ್ತು ಹನ್ನೆರಡು ಬಡಕಲು ಕೋಲುಗಳು ಪೊರಕೆಯಂತೆ ಎದ್ದು ಮೊದಲಿಗಿಂತಲೂ ಎತ್ತರವಾದವು. ಮೋಟುಗಳು ಒಳಗೊಳಗೇ ಕೊಳೆತು, ಕೊನೆಗೆ ಒಂದು ಕೊಂಬೆಯು ಗಾಳಿಗೆ ಮುರಿದು ನಮ್ಮವೇ ಆರು ಹಂಚುಗಳನ್ನು ಒಡೆಯಿತು.

ಹುಬ್ಬಳ್ಳಿಯಿಂದ ಬಂದ ಮಗನು, "ಅಪ್ಪಾ, ಬುಡಸಹಿತ ತಗಸಿಬಿಡ್ರಿ. ಸವಣೂರಿನ ದೊಡ್ಡಹುಣಸಿ ಅಂಥಾದ್ದ ಬಿತ್ತು, ಇದ ಯಾವ ಲೆಕ್ಕ?" ಎಂದನು. ಸವಣೂರಿನ ಮಠದ ಆ ಮೂರು ಮಹಾವೃಕ್ಷಗಳಲ್ಲಿ ಒಂದು 2023ರ ಜುಲೈ ತಿಂಗಳ ಮಳೆಯಲ್ಲಿ ಬುಡಮೇಲಾದುದನ್ನು ಈ ಸೀಮೆಯವರು ಮರೆತಿರಲಾರರು. ನಮ್ಮ ಮನೆಯವರು ಒಳಗಿನಿಂದಲೇ, "ಬಿದ್ದದ್ದನ್ನ ಮತ್ತ ಎತ್ತಿ ನಿಲ್ಲಿಸ್ಯಾರಲ್ಲಪಾ, ಅದನ್ಯಾಕ ಹೇಳವಲ್ಲಿ? ಅತ್ತಿಯವರು ಹಚ್ಚಿದ ಗಿಡಕ್ಕ ಕೊಡ್ಲಿ ಮುಟ್ಟಸೂದು ಬ್ಯಾಡ" ಎಂದರು. ವ್ಯಾಜ್ಯವು ಅಲ್ಲಿಗೇ ನಿಂತಿತು.

ತೀರ್ಪು ದೊರೆತದ್ದು ಗಿಡದಲ್ಲಿಯೇ. ಮಾಘದ ಒಂದು ಬೆಳಿಗ್ಗೆ, ಒಣ ರೆಂಬೆಗಳನ್ನಾದರೂ ಮುರಿಯೋಣವೆಂದು ಹೋದಾಗ, ಕಾಂಡದ ಮೇಲೆ ಎದೆಯೆತ್ತರದಲ್ಲಿ ಸಾಲಾಗಿ ಕೆಲವು ಗುಂಡುಗಂಟುಗಳು ಕಂಡವು. ರೆಂಬೆಯನ್ನು ಬುಡದಲ್ಲಿ ಅಚ್ಚುಕಟ್ಟಾಗಿ ಕೊಯ್ದು, ಸುತ್ತಲಿನ ತೊಗಟೆಯು ಉಂಗುರದಂತೆ ಬೆಳೆದು ಮುಚ್ಚಿದ ಗುರುತುಗಳವು. ಮನೆಯವರನ್ನು ಕರೆದು ತೋರಿಸಿದೆವು. ಅವರು ಅವುಗಳ ಮೇಲೆ ಬೆರಳಾಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಅದರೀ. ಸಂಕ್ರಾಂತಿ ಆದಮ್ಯಾಲೆ ಅತ್ತಿಯವರು ಕುಡಗೋಲು ತಗೊಂಡು ಹಿತ್ತಲಕ್ಕ ಹೋಗತಿದ್ರು" ಎಂದರು. ಇಪ್ಪತ್ತು ವರುಷ ಅದೇ ಮನೆಯಲ್ಲಿ ಉಂಡು, ಅದೇ ಹೂವನ್ನು ದೇವರಿಗೇರಿಸಿದ ನಾವು ಆ ಕೆಲಸವನ್ನು ಒಮ್ಮೆಯೂ ನೋಡಿರಲಿಲ್ಲ.

ತಾಯಿಯವರು ಹಿಡಿದ ಕಾಲವೇ ಸರಿಯಾದ ಕಾಲ. ಪಾರಿಜಾತವು ಹೂ ಬಿಡುವುದು ಅದೇ ವರುಷ ಚಿಗುರಿದ ಹೊಸ ರೆಂಬೆಗಳಲ್ಲಿ. ಶ್ರಾವಣದಿಂದ ಕಾರ್ತಿಕದವರೆಗೆ ಅದರ ಹೂವಿನ ಹಬ್ಬ. ಋತುಸಂಹಾರದ ಶರದ್ವರ್ಣನೆಯಲ್ಲಿ ಬರುವ ಶೇಫಾಲಿಕೆಯು ಇದೇ. ಹೂವು ತೀರಿ, ಎಲೆ ಉದುರಿ, ಚಿಗುರು ಇನ್ನೂ ಕಣ್ತೆರೆಯದ ಮಾಘ-ಫಾಲ್ಗುಣಗಳಲ್ಲಿ ಸವರಿದರೆ, ರೋಹಿಣಿ ಮೃಗಶಿರೆಗಳ ಮಳೆಗೆ ಹೊಸ ರೆಂಬೆಗಳು ಬಂದು ಹೂವಿಗೆ ಅಣಿಯಾಗುವವು. ಆಷಾಢದಲ್ಲಿ ಕಡಿದರೆ ಹೂವಾಗಬೇಕಾದುದನ್ನೇ ಕಡಿದಂತೆ. ವಿಜಾಪುರದ ದ್ರಾಕ್ಷಿಯ ತೋಟದವರು ಇದನ್ನು ಚೆನ್ನಾಗಿ ಬಲ್ಲರು: ಅವರಲ್ಲಿ ಏಪ್ರಿಲಿನ ಚಾಟನಿಯು ಕಡ್ಡಿಗಾಗಿ, ಅಕ್ಟೋಬರಿನ ಚಾಟನಿಯು ಹಣ್ಣಿಗಾಗಿ. ತಿಂಗಳು ತಪ್ಪಿದರೆ ವರುಷದ ದುಡಿಮೆಯೇ ಹೋಗುವುದು.

ನೆತ್ತಿ ಹಾರಿಸಿದರೆ ಪೊರಕೆ ಏಳುವುದೇಕೆ? ಕೊಂಬೆಯ ತುದಿಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸವು ಕೆಳಗಿಳಿದು ಕೆಳಗಿನ ಮೊಗ್ಗುಗಳನ್ನು ತಡೆದಿಡುತ್ತದೆ. ತುದಿಯನ್ನು ಕಡಿದೊಡನೆ, ಗುರುಗಳಿಲ್ಲದ ತರಗತಿಯಂತೆ, ತಡೆದಿದ್ದವೆಲ್ಲ ಒಮ್ಮೆಲೇ ಎದ್ದು ನಿಲ್ಲುವವು. ಆದುದರಿಂದ ಎತ್ತರವನ್ನು ಇಳಿಸಬೇಕಾದರೆ ಕೊಂಬೆಯನ್ನು ನಡುವಿನಲ್ಲಿ ತುಂಡರಿಸದೆ, ಅದರಿಂದ ಕವಲೊಡೆದ ತಗ್ಗಿನ ಬಲವಾದ ರೆಂಬೆಯವರೆಗೆ ಇಳಿದು ಅಲ್ಲಿ ಕೊಯ್ಯತಕ್ಕದ್ದು. ಮುಂದಾಳುತನವು ಆ ರೆಂಬೆಗೆ ಬರುವುದು.

ಇಡೀ ಕೊಂಬೆಯನ್ನೇ ತೆಗೆಯುವಲ್ಲಿ ಅದರ ಬುಡವನ್ನು ಮೊದಲು ಕಣ್ಣಿಟ್ಟು ನೋಡಿರಿ. ಕಾಂಡಕ್ಕೆ ಸೇರುವೆಡೆಯಲ್ಲಿ ಸುಕ್ಕುಗಟ್ಟಿದ ಒಂದು ಉಬ್ಬು ಇರುವುದು. ಗಾಯವನ್ನು ಮುಚ್ಚುವ ಶಕ್ತಿಯೆಲ್ಲ ಅದರಲ್ಲಿದೆ. ಅದನ್ನು ಕೆತ್ತಿ ಕಾಂಡಕ್ಕೆ ಸಮವಾಗಿ ಕೊಯ್ದರೂ ಕೇಡು, ಅದರಾಚೆ ಮೋಟು ಉಳಿಸಿದರೂ ಕೇಡು; ಉಬ್ಬಿನ ಹೊರ ಅಂಚಿಗೆ ಸರಿಯಾಗಿ ಕೊಯ್ಯಬೇಕು. ಭಾರವಾದ ಕೊಂಬೆಯನ್ನು ಒಂದೇ ಸಲಕ್ಕೆ ಮೇಲಿನಿಂದ ಕೊಯ್ದರೆ, ಅದು ಬೀಳುವಾಗ ಕೆಳಗಿನ ತೊಗಟೆಯನ್ನು ಸುಲಿದುಕೊಂಡು ಹೋಗುವುದು. ಬುಡದಿಂದ ಗೇಣಾಚೆಗೆ ಕೆಳಗಿನಿಂದ ಗರಗಸದ ಒಂದು ಗಾಯ ಮಾಡಿ, ಅದಕ್ಕಿಂತ ಇನ್ನೆರಡು ಬೆರಳಾಚೆಗೆ ಮೇಲಿನಿಂದ ಕೊಯ್ದು ಬೀಳಿಸಿ, ಉಳಿದ ಮೋಟನ್ನು ಕೊನೆಗೆ ಉಬ್ಬಿನ ಬಳಿ ತೆಗೆಯಿರಿ. ಕೊಡಲಿಯು ಈ ಕೆಲಸಕ್ಕಲ್ಲ.

ಗಾಯಕ್ಕೆ ಏನು ಮೆತ್ತಬೇಕು? ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ, ಮೊದಲು ಶಸ್ತ್ರದಿಂದ ಶುದ್ಧಿಮಾಡಿ, ಬಳಿಕ ವಾಯುವಿಳಂಗ ತುಪ್ಪ ಕೆಸರುಗಳನ್ನು ಲೇಪಿಸಿ, ಹಾಲು ಬೆರೆಸಿದ ನೀರನ್ನೆರೆಯಲು ಹೇಳಿರುವನು. ಅಮೇರಿಕೆಯ ಆಲೆಕ್ಸ್ ಶೈಗೋ ಎಂಬ ವಿಜ್ಞಾನಿಯು 1970-80ರ ದಶಕಗಳಲ್ಲಿ ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, ಲೇಪವು ಕೊಳೆತವನ್ನು ತಡೆಯಲಾರದೆಂದೂ, ಮರವು ಗಾಯವನ್ನು ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಒಳಗೆ ಮುಚ್ಚಿಡುವುದೆಂದೂ ತೋರಿಸಿದನು. ಶಸ್ತ್ರಶುದ್ಧಿಯ ವಿಷಯದಲ್ಲಿ ಇಬ್ಬರಿಗೂ ಭೇದವಿಲ್ಲ. ನಾವು ಗರಗಸವನ್ನು ಸ್ಪಿರಿಟ್ಟಿನಿಂದ ಒರೆಸಿ ಕೊಯ್ದು ಗಾಯವನ್ನು ಗಾಳಿಗೆ ಬಿಟ್ಟೆವು. ತುಪ್ಪವು ಹೋಳಿಗೆಗೆ ಉಳಿಯಿತು.

ಒಂದೇ ವರುಷದಲ್ಲಿ ಗಿಡದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ತೆಗೆಯಬಾರದು. ಎಲೆಯೇ ಅದರ ಅಡಿಗೆಮನೆ. ನಾವು ಕಳೆದ ಮಾಘದಲ್ಲಿ ಕೊಳೆತ ಮೋಟುಗಳನ್ನೂ ನೆರೆಯವರ ಮಾಡಿನ ಮೇಲಿನ ಎರಡು ಕೊಂಬೆಗಳನ್ನೂ ಮಾತ್ರ ತೆಗೆದೆವು. ವಿದ್ಯುತ್ತಿನ ತಂತಿಗೆ ತಾಗುವಂತಿದ್ದ ಒಂದನ್ನು ನಾವು ಮುಟ್ಟದೆ ಹೆಸ್ಕಾಂ ಸಿಬ್ಬಂದಿಯನ್ನು ಕರೆಸಿದೆವು. ಈ ವಿಷಯದಲ್ಲಿ ಯಾರೂ ಧೈರ್ಯ ತೋರಿಸಬಾರದು. ದೇವಕಣಗಿಲೆಗೂ ಇದೇ ಕಾಲವು ಒಪ್ಪುವುದು, ಅದರ ಹಾಲು ಕಣ್ಣಿಗೆ ಸಿಡಿಯದಿರಲಿ. ಸಂಪಿಗೆಯನ್ನು ಇಷ್ಟು ಸವರಬಾರದು.

ಈ ವರುಷ ಹೂವು ಮೊದಲಿನಷ್ಟು ಬರಲಿಲ್ಲ. ಆದರೆ ಭಾದ್ರಪದದ ಒಂದು ಬೆಳಿಗ್ಗೆ ಹತ್ತಿಪ್ಪತ್ತು ಹೂವುಗಳು ನಮ್ಮ ಹಿತ್ತಲಿನ ಸಾರಿಸಿದ ನೆಲದ ಮೇಲೆಯೇ ಬಿದ್ದಿದ್ದವು. ಮೊಣಕಾಲು ನೋವಿನಿಂದ ಬಗ್ಗಲಾರದ ನಮ್ಮ ಮನೆಯವರು ತಗ್ಗಿನ ರೆಂಬೆಯ ಕೆಳಗೆ ಒಂದು ಹಳೆಯ ಧೋತರವನ್ನು ಕಟ್ಟಿ, ಮರುದಿನದಿಂದ ನಿಂತಲ್ಲಿಯೇ ಹೂವನ್ನು ಆಯತೊಡಗಿದರು. ಅರ್ಧ ಬುಟ್ಟಿಯು ಗೋಡೆಯಾಚೆಗೆ ಹೋಗುವುದು ರೂಢಿಯಾಯಿತು.

ಬರುವ ಮಾಘಕ್ಕೆ ಎರಡನೆಯ ಪಾಲು. ತೆಗೆಯಬೇಕಾದ ಕೊಂಬೆಗಳಿಗೆ ನಾವು ಸುಣ್ಣದ ಬೊಟ್ಟಿಟ್ಟಿದ್ದೇವೆ. ಮೊನ್ನೆ ನೋಡಿದರೆ ಒಂದು ಬೊಟ್ಟನ್ನು ಯಾರೋ ಒದ್ದೆ ಅರಿವೆಯಿಂದ ಒರೆಸಿದ್ದರು. ನಾವು ಕೇಳಲಿಲ್ಲ, ಆ ಕೊಂಬೆಯನ್ನು ಬಿಟ್ಟೇ ಲೆಕ್ಕ ಹಾಕುತ್ತಿದ್ದೇವೆ.